ಪರ್ಸೆಂಟೇಜಿನಿಂದ ಪಾಸ್‌ಬುಕ್ಕಿನವರೆಗೆ: ಅಂಗವಿಕಲ ಮಾಸಾಶನದ ದಾರಿ

"ಪರ್ಸೆಂಟೇಜ್ ಎಷ್ಟು ಹಾಕಿದ್ರು?"

ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲರ ತಪಾಸಣೆ ನಡೆಯುವ ದಿನ ಹೊರಗಿನ ಬೆಂಚಿನಲ್ಲಿ ಕೂತವರು ಒಬ್ಬರನ್ನೊಬ್ಬರು ಮೊದಲು ಕೇಳುವುದು ಇದನ್ನೇ. ಊರು, ಹೆಸರು ಆಮೇಲೆ. 38 ಅಂದವರ ಮುಖ ಸಪ್ಪಗಾಗುತ್ತದೆ. 42 ಅಂದವರು ಕಾಗದವನ್ನು ಇನ್ನೊಮ್ಮೆ ನೋಡಿ, ಮಡಚಿ, ಎಕ್ಸ್‌ರೇ ಕವರಿನೊಳಗೆ ಜೋಪಾನವಾಗಿ ಸೇರಿಸುತ್ತಾರೆ. 40 ಎಂಬ ಗೆರೆ ದಾಟಿದವರಿಗೆ ಮಾಸಾಶನ, ಬಸ್ ಪಾಸ್, ಮೀಸಲಾತಿ ಎಲ್ಲಕ್ಕೂ ಅರ್ಜಿ ಹಾಕುವ ಅವಕಾಶ. ಈಚೆಗೆ ಉಳಿದವರಿಗೆ ಒಂದು ಬಿಳಿ ಕಾರ್ಡು, ಅಷ್ಟೆ.

2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರನ್ನು ಎಣಿಸಿತ್ತು. ಆಗ ಜಾರಿಯಲ್ಲಿದ್ದ 1995ರ ಕಾಯ್ದೆಯ ಪಟ್ಟಿಯಲ್ಲಿದ್ದದ್ದು 7 ಬಗೆಯ ವೈಕಲ್ಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಹಾಗಾಗಿ ಇವತ್ತು ಅರ್ಹರಾಗಿದ್ದೂ ತಾವು ಅರ್ಹರೆಂದು ಗೊತ್ತಿಲ್ಲದವರು ಪ್ರತಿ ಹೋಬಳಿಯಲ್ಲೂ ಇದ್ದಾರೆ.

ಮಾಸಾಶನ ಎಂದ ಕೂಡಲೇ ನಾವೆಲ್ಲ ಬೈಯುವುದು ತಾಲ್ಲೂಕು ಕಚೇರಿಯನ್ನು. ಬೈಗುಳಕ್ಕೆ ಕಾರಣ ಇಲ್ಲದೆಯೂ ಇಲ್ಲ. ಆದರೂ ಸಿಕ್ಕಿಬಿದ್ದ ಅರ್ಜಿಗಳ ಜಾಡು ಹಿಡಿದು ಹೋದರೆ ಗಂಟು ಬಿದ್ದಿರುವುದು ಹೆಚ್ಚಾಗಿ ಎರಡು ತುದಿಯಲ್ಲಿ: ಈಚೆ ತುದಿಯ ವೈದ್ಯರ ಮೇಜು, ಆಚೆ ತುದಿಯ ಬ್ಯಾಂಕ್ ಕೌಂಟರು. ಕಾಗದ ನೆಟ್ಟಗಿದ್ದರೆ ನಡುವಿನ ಕಂದಾಯ ಕಚೇರಿಯ ಕೆಲಸ ಜನ ಹೆದರುವಷ್ಟು ಕಷ್ಟದ್ದಲ್ಲ. ಅದಕ್ಕೇ ಇಲ್ಲಿ ಆ ಎರಡು ತುದಿಗಳಲ್ಲಿ ಹೆಚ್ಚು ಹೊತ್ತು ನಿಲ್ಲೋಣ.

ವೈದ್ಯರ ಮೇಜು

ಮೊದಲು, ಯಾರು ಅರ್ಜಿ ಹಾಕಬಹುದು? ಕೈಕಾಲಿನ ಊನ, ಕುರುಡು, ಕಿವುಡು, ಬುದ್ಧಿಮಾಂದ್ಯ ಇವು ಎಲ್ಲರಿಗೂ ಗೊತ್ತಿರುವಂಥವು. ಪಟ್ಟಿಯಲ್ಲಿ ಇವೂ ಇವೆ: ದೀರ್ಘಕಾಲದ ಮಾನಸಿಕ ಕಾಯಿಲೆ, ಆಟಿಸಂ, ಮೆದುಳಿನ ಪಾರ್ಶ್ವವಾಯು ಅಂದರೆ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಥಲಸ್ಸೆಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಕುಬ್ಜತೆ, ಕಲಿಕಾ ನ್ಯೂನತೆ, ಆಸಿಡ್ ದಾಳಿಯ ಗಾಯ, ಕುಷ್ಠ ವಾಸಿಯಾದ ಮೇಲೂ ಉಳಿದ ಊನ.

ಜನ ಹೆಚ್ಚು ಕೇಳುವುದು ಪಟ್ಟಿಯಲ್ಲಿಲ್ಲದ ಕಾಯಿಲೆಗಳ ಬಗ್ಗೆ. ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹೃದಯದ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ರೋಗಿಗಳು ದುಡಿಯಲಾರದ ಸ್ಥಿತಿಯಲ್ಲಿದ್ದರೂ ಆ ರೋಗದ ಹೆಸರಿನಲ್ಲಿ ಅಂಗವಿಕಲ ಮಾಸಾಶನ ಸಿಗದು. ಕಾನೂನು ನೋಡುವುದು ರೋಗವನ್ನಲ್ಲ, ಅದು ದೇಹದಲ್ಲಿ ಉಳಿಸಿಹೋದ ಊನವನ್ನು. ಸಕ್ಕರೆ ಕಾಯಿಲೆಗೆ ಏನೂ ಇಲ್ಲ; ಅದೇ ಕಾಯಿಲೆಯಿಂದ ಕಾಲು ತೆಗೆಸಬೇಕಾಗಿ ಬಂದರೆ ಅಥವಾ ಎರಡೂ ಕಣ್ಣು ಮಂಜಾದರೆ ಇದೆ. ಲಕ್ವ ಹೊಡೆದು ಒಂದು ಪಕ್ಕ ಸ್ವಾಧೀನ ತಪ್ಪಿದ್ದರೆ ಅದು ಚಲನಾಂಗ ವೈಕಲ್ಯ. ಉಳಿದವರ ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಕ್ಷಯ ರೋಗಿಗಳಿಗೆ ಚಿಕಿತ್ಸೆ ನಡೆಯುವಷ್ಟು ಕಾಲ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ. 2024ರ ನವೆಂಬರ್‌ವರೆಗೆ ಅದು 500 ಇತ್ತು.

ಇನ್ನು ಶೇಕಡಾವಾರು. ಇದು ವೈದ್ಯರ ಕಣ್ಣಂದಾಜಿನ ಲೆಕ್ಕವಲ್ಲ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿ 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಯಾವ ಊನಕ್ಕೆ ಎಷ್ಟು ಎಂಬ ಕೋಷ್ಟಕಗಳಿವೆ. ಅದರ ಕೆಲವು ಲೆಕ್ಕ ಮೊದಲ ಸಲ ಕೇಳಿದವರಿಗೆ ಅನ್ಯಾಯ ಅನ್ನಿಸುತ್ತದೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸಿಗುವುದು ಶೇ 30. ಒಂದು ಕಿವಿ ಪೂರ್ತಿ ಕೇಳದೆ ಇನ್ನೊಂದು ಸರಿಯಾಗಿದ್ದರೆ ಶೇ 17ರ ಆಸುಪಾಸು. ಇವರಿಬ್ಬರೂ ಎಷ್ಟು ಕ್ಯಾಂಪಿಗೆ ಅಲೆದರೂ 40 ಮುಟ್ಟುವುದಿಲ್ಲ. ಮುಂಚೆಯೇ ತಿಳಿದಿದ್ದರೆ ಬಸ್ಸಿನ ದುಡ್ಡಾದರೂ ಉಳಿದೀತು.

ಎರಡು ಊನ ಇದ್ದವರ ಲೆಕ್ಕ ಇನ್ನೂ ವಿಚಿತ್ರ. ಒಬ್ಬರಿಗೆ ಕಾಲಿನಲ್ಲಿ ಶೇ 60, ಕಿವಿಯಲ್ಲಿ ಶೇ 45 ಎಂದುಕೊಳ್ಳಿ. ಎರಡನ್ನೂ ಕೂಡಿಸುವ ಹಾಗಿಲ್ಲ. ದೊಡ್ಡ ಅಂಕಿಯನ್ನು 90ರಿಂದ ಕಳೆಯಬೇಕು: ಉಳಿದದ್ದು 30. ಅದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿದರೆ 15. ಈ 15ನ್ನು 60ಕ್ಕೆ ಸೇರಿಸಿದರೆ ಒಟ್ಟು 75. ಕಾಲಿನ ಊನ ಮಾತ್ರ ಹೇಳಿ, "ಕಿವಿ ಸ್ವಲ್ಪ ಮಂದ, ವಯಸ್ಸಾಯ್ತಲ್ಲ" ಎಂದು ಸುಮ್ಮನಾದವರಿಗೆ ಈ 15 ತಪ್ಪಿಹೋಗುತ್ತದೆ. ಇರುವ ಎಲ್ಲ ಊನವನ್ನೂ ಅರ್ಜಿಯಲ್ಲೇ ಬರೆಯಿರಿ. ಮಾಸಾಶನದ ಮೊತ್ತ ಈ ಅಂಕಿಯ ಮೇಲೆ ನಿಂತಿದೆ.

ಅರ್ಜಿ ಹಾಕುವುದು ಕೇಂದ್ರದ ಸ್ವಾವಲಂಬನ್ ಜಾಲತಾಣದಲ್ಲಿ. ಸ್ವಂತ ಫೋನಿನಲ್ಲೂ ಆಗುತ್ತದೆ, ಗ್ರಾಮ ಒನ್ ಕೇಂದ್ರದಲ್ಲೂ ಆಗುತ್ತದೆ. ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ಆಧಾರ್, ವಿಳಾಸದ ದಾಖಲೆ ಬೇಕು. ಹಳೆಯ ಆಸ್ಪತ್ರೆ ಚೀಟಿಗಳನ್ನೂ ಕೂಡಿಟ್ಟುಕೊಳ್ಳಿ. ಆಸ್ಪತ್ರೆಯನ್ನು ಆಯ್ಕೆ ಮಾಡುವಾಗ ಒಂದು ಅನುಕೂಲ ಇದೆ: ವಾಸವಿರುವ ಜಿಲ್ಲೆಯ ಆಸ್ಪತ್ರೆಯೇ ಆಗಬೇಕೆಂದಿಲ್ಲ, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯೂ ಆದೀತು. ಕಲಬುರಗಿಯ ಹುಡುಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವರ್ಷಗಟ್ಟಲೆ ಔಷಧ ತಗೊಳ್ಳುತ್ತಿದ್ದರೆ ಅವನ ಫೈಲು ಇರುವುದು ಅಲ್ಲೇ, ಅಳೆಯುವವರಿಗೂ ಅಲ್ಲೇ ಸಲೀಸು. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗಿಂತ ಅನುಭವಿಗಳು ನಮ್ಮ ರಾಜ್ಯದಲ್ಲಿ ಬೇರೆ ಇಲ್ಲ.

2024ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದುಪಡಿಯಾಗಿ, ಪ್ರಮಾಣಪತ್ರ ಕೊಡಲು ಇದ್ದ 1 ತಿಂಗಳ ಗಡುವು 3 ತಿಂಗಳಾಯಿತು. ಅದೇ ತಿದ್ದುಪಡಿಯಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ: ಕರೆದ ದಿನ ಹೋಗದೆ ಅರ್ಜಿ 2 ವರ್ಷ ಹಾಗೇ ಬಿದ್ದಿದ್ದರೆ ಅದು ಸತ್ತ ಅರ್ಜಿ, ಹೊಸದಾಗಿ ಹಾಕಬೇಕು. ತಪಾಸಣೆ ಮುಗಿದ ಮೇಲೆ ಬರುವ ಯುಡಿಐಡಿ ಕಾರ್ಡಿನಲ್ಲಿ ಬಣ್ಣದ ಗುರುತಿರುತ್ತದೆ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ. ಕಾರ್ಡಿನ ಮೇಲೆ ಅವಧಿ ಹಾಕಿದ್ದಾರೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಶಾಶ್ವತ ಎಂದಿದ್ದರೆ ಮತ್ತೆ ಹೋಗಬೇಕಿಲ್ಲ. ತಾತ್ಕಾಲಿಕ ಎಂದಿದ್ದರೆ ಆ ತಾರೀಖು ಮುಗಿಯುವ ಮೊದಲೇ ನವೀಕರಣಕ್ಕೆ ಹೋಗಿ. ಕಾರ್ಡಿನ ಅವಧಿ ಮುಗಿದರೆ ಅದನ್ನು ನೆಚ್ಚಿಕೊಂಡ ಸೌಲಭ್ಯವೂ ನಿಲ್ಲುತ್ತದೆ.

ತಪಾಸಣೆಯ ದಿನ ನಮ್ಮ ಕುಟುಂಬಗಳಲ್ಲಿ ಒಂದು ಅಭ್ಯಾಸ ಕಾಣುತ್ತೇವೆ. ಮಗನಿಗೆ ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ, ಡಾಕ್ಟರು ಕೇಳಿದರೆ ಹೀಗೆ ಹೇಳಪ್ಪ ಎಂದು ದಾರಿಯುದ್ದ ಪಾಠ. ಒಳಗೆ ಹೋದ ಮೇಲೆ "ಮನೇಲಿ ತಾನೇ ಊಟ ಮಾಡ್ತಾನಾ?" ಎಂದರೆ ತಾಯಿ "ಮಾಡ್ತಾನೆ ಸಾರ್" ಅನ್ನುತ್ತಾಳೆ. ಕಲಸಿ ತಟ್ಟೆಗೆ ಹಾಕಿ, ಪಕ್ಕದಲ್ಲೇ ಕೂತು, ಹತ್ತು ಸಲ ಹೇಳಿದ ಮೇಲೆ ತಿನ್ನುತ್ತಾನೆ ಎಂಬುದನ್ನು ಆಕೆ ನುಂಗಿಕೊಳ್ಳುತ್ತಾಳೆ. ಮಗನ ಮಾನ ಕಾಯುವ ಸಂಕಟ ಅದು. ಆದರೆ ಮಾನಸಿಕ ಕಾಯಿಲೆಯನ್ನು ಅಳೆಯುವ ಐಡಿಯಾಸ್ ಎಂಬ ಮಾನಕ ನೋಡುವುದೇ ಇದನ್ನು: ತನ್ನ ಆರೈಕೆ ತಾನು ಮಾಡಿಕೊಳ್ಳುತ್ತಾನಾ, ಜನರೊಂದಿಗೆ ಬೆರೆಯುತ್ತಾನಾ, ಹೇಳಿದ್ದು ತಿಳಿಯುತ್ತದಾ, ಕೆಲಸ ಮಾಡುತ್ತಾನಾ, ಕಾಯಿಲೆ ಎಷ್ಟು ವರ್ಷದ್ದು. ಆದ್ದರಿಂದ ದಿನವೂ ಜತೆಗಿರುವವರೇ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೆಚ್ಚಿಸಿಯೂ ಹೇಳಬೇಡಿ. "ಪರ್ಸೆಂಟೇಜ್ ಜಾಸ್ತಿ ಮಾಡಿಸಿಕೊಡ್ತೀನಿ" ಎಂದು ಆಸ್ಪತ್ರೆ ಗೇಟಿನಲ್ಲಿ ಸುಳಿದಾಡುವವರನ್ನಂತೂ ನಂಬಲೇಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ 2016ರ ಕಾಯ್ದೆಯಲ್ಲಿ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸಿಕ್ಕಿಬೀಳುವವನು ಮಧ್ಯವರ್ತಿಯಲ್ಲ, ಕಾರ್ಡಿನಲ್ಲಿ ಯಾರ ಫೋಟೊ ಇದೆಯೋ ಅವರು.

ಕೊಟ್ಟ ಅಂಕಿ ಕಡಿಮೆಯೆನಿಸಿದರೆ ಮೇಲ್ಮನವಿಗೆ ಅದೇ ಕಾಯ್ದೆಯ 59ನೇ ಕಲಂನಲ್ಲಿ ಅವಕಾಶವಿದೆ. ವೈದ್ಯರ ಹತ್ತಿರ ವಾದಕ್ಕೆ ನಿಲ್ಲದೆ, ಯಾವ ಲೆಕ್ಕದಲ್ಲಿ ಇಷ್ಟು ಬಂತೆಂದು ವಿನಯದಿಂದ ಕೇಳಿ ಬರೆದುಕೊಂಡು ಬನ್ನಿ. ಮೇಲ್ಮನವಿಗೆ ಅದೇ ಆಧಾರ.

ನಾಡಕಚೇರಿಯಲ್ಲಿ

ಕಾರ್ಡು ಕೈಗೆ ಬಂತು ಎಂದರೆ ಮಾಸಾಶನ ಬಂತು ಎಂದಲ್ಲ. ಎರಡೂ ಬೇರೆ ಬೇರೆ ಇಲಾಖೆಯ ಕೆಲಸ. ಈ ಗೊಂದಲದಲ್ಲಿ ಯುಡಿಐಡಿ ಬಂದು ವರ್ಷವಾದರೂ ಮಾಸಾಶನಕ್ಕೆ ಅರ್ಜಿಯನ್ನೇ ಹಾಕದೆ, ಹಣ ಬರಲಿಲ್ಲವೆಂದು ಕಾಯುವವರಿದ್ದಾರೆ. ಮಾಸಾಶನ ಕೊಡುವುದು ಕಂದಾಯ ಇಲಾಖೆಯಡಿಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ. ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ.

ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಫೋಟೊ, ಆದಾಯ ಪ್ರಮಾಣಪತ್ರ ಒಯ್ಯಬೇಕು. ಆದಾಯ ಪತ್ರ ಮೊದಲೇ ಮಾಡಿಸಿದ್ದರೆ ಅದರ ಆರ್‌ಡಿ ನಂಬರ್ ಸಾಕು. ಕುಟುಂಬದ ಆದಾಯ ವರ್ಷಕ್ಕೆ 32,000 ರೂಪಾಯಿ ಮೀರಬಾರದು. ತಿಂಗಳಿಗೆ ಹಾಕಿದರೆ 2,700 ಕೂಡ ಆಗದ ಮೊತ್ತ. ಕೂಲಿಗೆ ಹೋಗುವ ಇಬ್ಬರಿರುವ ಮನೆ ಇದನ್ನು ದಾಟದೆ ಬದುಕುವುದು ಹೇಗೆಂದು ಈ ಮಿತಿ ಇಟ್ಟವರೇ ಹೇಳಬೇಕು. ಇರುವ ನಿಯಮ ಇದು.

ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಹನುಮಂತಪ್ಪ, ರೇಷನ್ ಕಾರ್ಡಿನಲ್ಲಿ ಹನುಮಂತ, ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಬಿಡಿಸಿ ಬರೆದ ಇನ್ನೊಂದು ಹೆಸರು. ಊರಿಗೆಲ್ಲ ಒಬ್ಬನೇ ಆದರೂ ಕಂಪ್ಯೂಟರಿಗೆ ಮೂವರು. ತಿದ್ದುವುದಿದ್ದರೆ ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅದಕ್ಕೆ ಸರಿಯಾಗಿ ಉಳಿದದ್ದು. ಯುಡಿಐಡಿ ಅರ್ಜಿಗೂ ಮುಂಚೆ ಈ ಕೆಲಸ ಮುಗಿಸಿದರೆ ಎರಡು ಸಲ ಅಲೆಯುವುದು ತಪ್ಪುತ್ತದೆ.

ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಜನ ಇನ್ನೂ ವಿಎ ಎಂದೇ ಕರೆಯುವವರು, ಮನೆಗೆ ಬಂದು ನೋಡಬೇಕು. ಅವರ ವರದಿ ಕಂದಾಯ ನಿರೀಕ್ಷಕರ (ಆರ್‌ಐ) ಮೂಲಕ ತಹಶೀಲ್ದಾರರಿಗೆ ಹೋಗಿ ಮಂಜೂರಾತಿ ಆದೇಶ ಹೊರಡುತ್ತದೆ. ಅರ್ಜಿ ಕೊಟ್ಟ ದಿನವೇ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಯಾವ ದಿನದೊಳಗೆ ಕೆಲಸ ಆಗಬೇಕೆಂಬುದು ಅದರಲ್ಲೇ ಅಚ್ಚಾಗಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. 500 ರೂಪಾಯಿ ಏನೂ ಅಲ್ಲ, ಆದರೆ ಅದು ಕೆಲಸ ತಡ ಮಾಡಿದವರ ಸಂಬಳದಿಂದ ಹೋಗುತ್ತದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು. ಅರ್ಜಿ ತಿರಸ್ಕೃತವಾದರೆ ಕಾರಣ ಬರೆಸಿಕೊಂಡು ಉಪವಿಭಾಗಾಧಿಕಾರಿಗೆ ಮೇಲ್ಮನವಿ ಕೊಡಿ.

ಎಷ್ಟು ಬರುತ್ತದೆ? ಶೇ 40ರಿಂದ 75ರವರೆಗಿನವರಿಗೆ ತಿಂಗಳಿಗೆ 800 ರೂಪಾಯಿ. 2021ರಲ್ಲಿ 600 ಇದ್ದದ್ದನ್ನು 800 ಮಾಡಿದರು. 75 ದಾಟಿದವರಿಗೆ ಇದಕ್ಕಿಂತ ಮೇಲಿನ ಹಂತ ಇದೆ. ಮಕ್ಕಳಿಗೂ ಸಿಗುತ್ತದೆ, ಹದಿನೆಂಟು ತುಂಬುವವರೆಗೆ ಕಾಯಬೇಕಿಲ್ಲ. ಇದರಲ್ಲಿ ಕೇಂದ್ರದ ಕೈ ಎಷ್ಟು ಎಂದು ಕೇಳಿದರೆ ನಗು ಬರುತ್ತದೆ: ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಲ್ಲಿ ಶೇ 80 ಮತ್ತು ಮೇಲ್ಪಟ್ಟ ವೈಕಲ್ಯ ಇರುವ, 18ರಿಂದ 79 ವಯಸ್ಸಿನ ಬಿಪಿಎಲ್ ವ್ಯಕ್ತಿಗೆ 300 ರೂಪಾಯಿ. 2012ರಲ್ಲಿ ಗೊತ್ತುಮಾಡಿದ ಮೊತ್ತ ಅದು. ಉಳಿದದ್ದನ್ನೆಲ್ಲ ರಾಜ್ಯ ಹಾಕುತ್ತದೆ.

ಹಾಗೆಂದು ರಾಜ್ಯವೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. 2016ರ ಕಾಯ್ದೆಯ 24ನೇ ಕಲಂ, ಅಂಗವಿಕಲರಿಗೆ ಕೊಡುವ ನೆರವು ಬೇರೆಯವರಿಗಿರುವ ಅಂಥದ್ದೇ ಯೋಜನೆಯ ಮೊತ್ತಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ವಿಧವಾ ವೇತನ 800, 60ರಿಂದ 64ರ ವೃದ್ಧಾಪ್ಯ ವೇತನ 800, ಶೇ 40ರಿಂದ 75ರ ಅಂಗವಿಕಲ ವೇತನವೂ 800. ಆ ಕಲಂ ಪ್ರಕಾರ ಕೊನೆಯದು 1,000ಕ್ಕಿಂತ ಕೆಳಗೆ ಇರಬಾರದಿತ್ತು. ಸಂಘಟನೆಗಳು ಮನವಿಪತ್ರ ಬರೆಯುವಾಗ ಬೇರೆ ಮಾತಿಗಿಂತ ಈ ಒಂದು ಲೆಕ್ಕವನ್ನು ಮುಂದಿಟ್ಟರೆ ಉತ್ತರ ಕೊಡುವುದು ಕಷ್ಟ.

ಒಬ್ಬರಿಗೆ ಒಂದೇ ಮಾಸಾಶನ. ವಿಧವಾ ವೇತನ ಪಡೆಯುತ್ತಿರುವ ಮಹಿಳೆಗೆ ಆಮೇಲೆ ಊನ ಬಂದರೆ ಎರಡನ್ನೂ ಕೊಡುವುದಿಲ್ಲ, ಹೆಚ್ಚಿನದನ್ನು ಆರಿಸಿಕೊಳ್ಳಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಈ ಲೆಕ್ಕಕ್ಕೆ ಬರುವುದಿಲ್ಲ. ಮನೆಯ ಯಜಮಾನಿ ಅಂಗವಿಕಲೆಯಾಗಿದ್ದರೆ ಅದೂ ಬರುತ್ತದೆ, ಇದೂ ಬರುತ್ತದೆ.

ಇಷ್ಟೆಲ್ಲ ಓಡಾಡಲು ಆಗದವರು ಹಿಡಿಯಬೇಕಾದವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಟ್ಟಣದಲ್ಲಿ ಇವರನ್ನು ಯುಆರ್‌ಡಬ್ಲ್ಯೂ, ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ ಎನ್ನುತ್ತಾರೆ. ಬಹುತೇಕ ಇವರೂ ಅಂಗವಿಕಲರೇ, ಸಣ್ಣ ಗೌರವಧನಕ್ಕೆ ಮೂರು ಚಕ್ರದ ಗಾಡಿಯಲ್ಲಿ ಮನೆ ಮನೆ ಸುತ್ತುವವರು. ಯಾವ ಆಸ್ಪತ್ರೆಯಲ್ಲಿ ಯಾವ ವಾರ ಯಾವ ತಜ್ಞರು ಸಿಗುತ್ತಾರೆ ಎಂಬುದು ಜಾಲತಾಣಕ್ಕಿಂತ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬ್ಯಾಂಕ್ ಕೌಂಟರ್

ಮೊದಲು ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದು ಕೈಗೆ ಎಣಿಸುತ್ತಿದ್ದ. ಹತ್ತಿಪ್ಪತ್ತು ರೂಪಾಯಿ ಅವನ ಕೈಗೂ ಹೋಗುತ್ತಿತ್ತು ಎಂಬ ದೂರು ಇದ್ದರೂ, ಹಣ ಎಲ್ಲಿ ಹೋಯಿತೆಂದು ಹುಡುಕಬೇಕಾಗಿರಲಿಲ್ಲ. ಈಗ ಖಜಾನೆಯಿಂದ ನೇರ ಖಾತೆಗೆ. ಮಂಜೂರಾತಿ ಆದೇಶ ಕೈಯಲ್ಲಿದ್ದೂ ಪಾಸ್‌ಬುಕ್ ಖಾಲಿ ಇದ್ದರೆ, ಮೊದಲು ನೋಡಬೇಕಾದದ್ದು ಹಣ ಬೇರೆ ಖಾತೆಗೆ ಹೋಗುತ್ತಿದೆಯೇ ಎಂದು.

ಸರ್ಕಾರ ಹಣ ಹಾಕುವುದು ನೀವು ಕೊಟ್ಟ ಖಾತೆ ಸಂಖ್ಯೆಗೆ ಅಲ್ಲ, ನಿಮ್ಮ ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ನಕ್ಷೆ ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಇರುತ್ತದೆ. ಒಬ್ಬರಿಗೆ ನಾಲ್ಕು ಖಾತೆ ಇದ್ದರೂ ಆ ನಕ್ಷೆಯಲ್ಲಿರುವುದು ಒಂದೇ ಬ್ಯಾಂಕು: ಕೊನೆಯದಾಗಿ ಸೀಡಿಂಗ್ ಮಾಡಿಸಿದ್ದು. ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದದ್ದೋ, ಸಂತೆಯಲ್ಲಿ ಯಾರೋ ಬೆರಳು ಒತ್ತಿಸಿಕೊಂಡು ಫೋನಿನಲ್ಲೇ ತೆರೆದುಕೊಟ್ಟದ್ದೋ, ಮರೆತೇಹೋದ ಖಾತೆಯಲ್ಲಿ ಮಾಸಾಶನ ತಿಂಗಳುಗಟ್ಟಲೆ ಕೂತಿರುತ್ತದೆ.

ಬ್ಯಾಂಕಿನಲ್ಲಿ ಕೇಳಿದರೆ "ಆಧಾರ್ ಲಿಂಕ್ ಆಗಿದೆ ಹೋಗಿ" ಅನ್ನುತ್ತಾರೆ. ಅದು ನಿಜವೂ ಇರಬಹುದು. ಆದರೆ ಕೆವೈಸಿಗಾಗಿ ಆಧಾರ್ ಲಿಂಕ್ ಆಗುವುದೇ ಬೇರೆ, ನೇರ ನಗದಿಗೆ ಸೀಡಿಂಗ್ ಆಗುವುದೇ ಬೇರೆ. ಕೇಳಬೇಕಾದ ಪ್ರಶ್ನೆ ಇದು: "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಇದೆಯಾ?" ಇಲ್ಲವೆಂದರೆ ಅಲ್ಲೇ ಒಂದು ಅರ್ಜಿ ಬರೆದುಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಮೈ ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಸೀಡಿಂಗ್ ಇದೆಯೆಂದು ಮನೆಯಲ್ಲೇ ನೋಡಬಹುದು. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ತಿಂಗಳ ಹಣ ಯಾವತ್ತು ಎಲ್ಲಿಗೆ ಹೋಯಿತು ಎಂಬುದೂ ಕಾಣುತ್ತದೆ. ಎರಡಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಜೀವಂತ ಇರಬೇಕು. ಸಿಮ್ ಬದಲಾಯಿಸುವ ಮಕ್ಕಳಿಗೆ ಇದನ್ನು ಹೇಳಿಡಿ.

ಬೆರಳಚ್ಚು ಇನ್ನೊಂದು ಕಗ್ಗಂಟು. ಕುಷ್ಠದಿಂದ ಬೆರಳು ಕಳೆದುಕೊಂಡವರು, ಕೈಗಳೇ ಇಲ್ಲದವರು, ಕೂಲಿ ಮಾಡಿ ರೇಖೆ ಸವೆದವರು ಯಂತ್ರದ ಮುಂದೆ ನಿಂತು ವಾಪಸು ಬರುತ್ತಾರೆ. ಬೆರಳಾಗಲಿ ಕಣ್ಣಾಗಲಿ ದಾಖಲಿಸಲಾಗದವರಿಗೆ ವಿನಾಯಿತಿ ಕೊಟ್ಟು ಆಧಾರ್ ಮಾಡಿಕೊಡಲೇಬೇಕೆಂಬ ನಿಯಮ ಇದೆ, ಆಧಾರ್ ಕೇಂದ್ರದಲ್ಲಿ ಅದನ್ನೇ ಕೇಳಿ. ಆನ್‌ಲೈನ್ ಕೆವೈಸಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕು ಎಂಬ ಷರತ್ತಿನಿಂದ ಆಸಿಡ್ ದಾಳಿಗೆ ಒಳಗಾದವರೂ ಅಂಧರೂ ಹೊರಗುಳಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಕೋರ್ಟು, ಡಿಜಿಟಲ್ ಸೇವೆ ಎಟಕುವಂತಿರುವುದು ಬದುಕುವ ಹಕ್ಕಿನ ಭಾಗ, ಬೇರೆ ವಿಧಾನ ಕಲ್ಪಿಸಿ ಎಂದು ನಿರ್ದೇಶಿಸಿತು. ಕೌಂಟರಿನಲ್ಲಿ ಆಗುವುದಿಲ್ಲ ಎಂದರೆ ಈ ತೀರ್ಪಿನ ಮಾತೆತ್ತಿ.

ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ವೈಕಲ್ಯ ಇರುವ ಮಕ್ಕಳ ತಂದೆತಾಯಿ 18ನೇ ಹುಟ್ಟುಹಬ್ಬಕ್ಕೆ ಮುಂಚೆಯೇ ಸಿದ್ಧರಾಗಬೇಕು. ಅಲ್ಲಿಯವರೆಗೆ ಖಾತೆ ನಡೆಸಲು ತಾಯಿಯ ಸಹಿ ನಡೆಯುತ್ತದೆ. ಆ ದಿನದ ಮೇಲೆ ಕಾನೂನಿನ ಕಣ್ಣಲ್ಲಿ ಮಗ ದೊಡ್ಡವನು, ತಾಯಿಗೆ ಅಧಿಕಾರ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದೆ. ಕಾನೂನುಬದ್ಧ ಪಾಲಕರ ಪ್ರಮಾಣಪತ್ರ ಕೊಡುವುದು ಅದು. ಕೋರ್ಟಿಗೆ ಹೋಗಬೇಕಿಲ್ಲ, ವಕೀಲರಿಗೆ ಫೀಸು ತೆರಬೇಕಿಲ್ಲ. ಬ್ಯಾಂಕುಗಳು ಈ ಪತ್ರವನ್ನು ಒಪ್ಪಬೇಕು. ಇದೇ ನಾಲ್ಕು ಬಗೆಯವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ.

ಮಾಸಾಶನದ ದುಡ್ಡನ್ನು ಬ್ಯಾಂಕು ಹಳೆಯ ಸಾಲಕ್ಕೆ ಮುರಿದುಕೊಂಡರೆ ಮ್ಯಾನೇಜರಿಗೆ ಲಿಖಿತ ದೂರು ಕೊಟ್ಟು, ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕಿಗೂ ತಹಶೀಲ್ದಾರರಿಗೂ ಕಳಿಸಿ. ಬಾಯಿಮಾತಿನ ಜಗಳಕ್ಕೆ ದಾಖಲೆ ಇರುವುದಿಲ್ಲ.

ಮಾಸಾಶನದ ಆಚೆ

ಫ್ಯಾಕ್ಟರಿಯಲ್ಲಿ ಕೈ ಕಳೆದುಕೊಂಡವರು 800 ರೂಪಾಯಿಗೆ ನಾಡಕಚೇರಿ ಮುಂದೆ ನಿಲ್ಲುವುದನ್ನು ನೋಡಿದರೆ ಬೇಸರವಾಗುತ್ತದೆ. ಪೀಣ್ಯದಲ್ಲೋ ಹಾರೋಹಳ್ಳಿಯಲ್ಲೋ ಪ್ರೆಸ್ ಯಂತ್ರಕ್ಕೆ ಬೆರಳು ಸಿಕ್ಕವರು ಮೊದಲು ನೋಡಬೇಕಾದದ್ದು ತಮ್ಮ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ಎಂದು. ತಿಂಗಳ ಸಂಬಳ 21,000 ಮೀರದವರು, ಅಂಗವಿಕಲ ನೌಕರರಾದರೆ 25,000 ಮೀರದವರು, ಅದರ ವ್ಯಾಪ್ತಿಗೆ ಬರುತ್ತಾರೆ. ಕೆಲಸದ ವೇಳೆಯ ಗಾಯದಿಂದ ಪೂರ್ತಿ ಊನವಾದರೆ ಸಂಬಳದ ಶೇ 90ರಷ್ಟು ಜೀವನಪರ್ಯಂತ. ಭಾಗಶಃ ಊನವಾದರೆ ವೈದ್ಯಕೀಯ ಮಂಡಳಿ ಗೊತ್ತುಮಾಡಿದ ಗಳಿಕೆಯ ನಷ್ಟಕ್ಕೆ ತಕ್ಕಂತೆ. ಕ್ಯಾನ್ಸರ್, ಕ್ಷಯದಂಥ 34 ದೀರ್ಘ ಕಾಯಿಲೆಗಳಿಗೆ 2 ವರ್ಷದವರೆಗೆ ಸಂಬಳದ ಶೇ 80 ಕೊಡುವ ಅವಕಾಶವೂ ಅಲ್ಲಿದೆ. ಪಿಎಫ್ ಪಿಂಚಣಿಯಲ್ಲೂ ಹೀಗೇ: ನೌಕರಿಯಲ್ಲಿರುವಾಗ ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾರದಂತಾದರೆ 10 ವರ್ಷದ ಸೇವೆ ಬೇಕಿಲ್ಲ, ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಪಿಂಚಣಿ ಉಂಟು, ಕನಿಷ್ಠ 1,000 ರೂಪಾಯಿ. ಅಪಘಾತವಾದ ದಿನವೇ ಅದು ಕಾರ್ಖಾನೆಯ ರಿಜಿಸ್ಟರಿನಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. "ಆಸ್ಪತ್ರೆ ಖರ್ಚು ನಾವು ನೋಡ್ಕೋತೀವಿ, ಬರೆಸೋದು ಬೇಡ" ಎಂಬ ಮಾಲೀಕರ ಮಾತಿಗೆ ಒಪ್ಪಿದರೆ ಆಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಆಸಿಡ್ ದಾಳಿಗೆ ಒಳಗಾದವರ ಮಾಸಾಶನವನ್ನು 2022ರ ಬಜೆಟ್ 3,000ದಿಂದ 10,000 ರೂಪಾಯಿಗೆ ಏರಿಸಿತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಎಂಡೋಸಲ್ಫಾನ್ ಪೀಡಿತರಿಗೆ ಬೇರೆಯೇ ಯೋಜನೆ ಇದೆ. ಅಲ್ಲಿ ಶೇ 40 ಬೇಕಿಲ್ಲ, 25ರಿಂದಲೇ ಶುರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷಕ್ಕೆ ಕೊಕ್ಕಡದ ಸುತ್ತಮುತ್ತ ಮೂರು ತಲೆಮಾರು ನಲುಗಿದ ಮೇಲೆ, ಹೋರಾಡಿ ಪಡೆದದ್ದು ಅದು. ಗಡಿಯಾಚೆ ಕಾಸರಗೋಡಿನ ಕನ್ನಡಿಗರಿಗೆ ಪರಿಹಾರ ಕೇರಳ ಸರ್ಕಾರದ್ದು. ಯುಡಿಐಡಿ ಕಾರ್ಡು ದೇಶದಲ್ಲೆಲ್ಲ ನಡೆಯುತ್ತದೆ, ಮಾಸಾಶನ ಮಾತ್ರ ವಾಸವಿರುವ ರಾಜ್ಯದ್ದು. ಮದುವೆಯಾಗಿ ಗಡಿ ದಾಟಿದ ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು.

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು 2024–25ರ ರಾಜ್ಯ ಬಜೆಟ್ ಘೋಷಿಸಿತು. ಹಾಸಿಗೆ ಹಿಡಿದವರ ಆರೈಕೆಗೆ ಇಡೀ ಆಯುಷ್ಯ ತೇಯುವ ಹೆಂಗಸರನ್ನು ಸರ್ಕಾರ ಕಂಡದ್ದೇ ದೊಡ್ಡದು. ಇದನ್ನು ವಿಚಾರಿಸಬೇಕಾದದ್ದು ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ. ಗಾಲಿಕುರ್ಚಿ, ಶ್ರವಣಯಂತ್ರ, ಮೂರು ಚಕ್ರದ ವಾಹನಕ್ಕೂ ಅದೇ ಕಚೇರಿ. ಗ್ರಾಮ ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗೇ ಖರ್ಚು ಮಾಡಬೇಕು. ವರ್ಷದ ಕೊನೆಯಲ್ಲಿ ಆತುರಕ್ಕೆ ಯಾವುದೋ ಸಾಮಾನು ಕೊಂಡು ಹಂಚಿ ಫೋಟೊ ತೆಗೆಸಿಕೊಳ್ಳುವ ಬದಲು ನಮಗೇನು ಬೇಕೆಂದು ಅದು ಗ್ರಾಮಸಭೆಯಲ್ಲೇ ಕೇಳಿಸಿಕೊಳ್ಳಲಿ.

ಸಾರಿಗೆ ಬಸ್ಸಿನ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿ, ಅರ್ಜಿ ಸೇವಾಸಿಂಧುವಿನಲ್ಲಿ. ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೆ ಇದರ ಅಗತ್ಯ ಅಷ್ಟಾಗಿ ಇಲ್ಲ. ರೈಲಿನ ರಿಯಾಯಿತಿಗೆ ರೈಲ್ವೆಯದ್ದೇ ಬೇರೆ ಕಾರ್ಡು ಮಾಡಿಸಬೇಕು. ತೆರಿಗೆ ಕಟ್ಟುವವರಿಗೆ ಹಳೆಯ ಪದ್ಧತಿಯಲ್ಲಿ 75,000, ತೀವ್ರ ವೈಕಲ್ಯವಾದರೆ 1,25,000 ರೂಪಾಯಿ ಆದಾಯದಿಂದ ಕಳೆಯಲು ಅವಕಾಶ ಇದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ.

ಬರುತ್ತಿದ್ದ ಹಣ ಒಮ್ಮೆಲೇ ನಿಂತರೆ ಹೆದರುವ ಮೊದಲು ನಾಲ್ಕು ವಿಷಯ ನೋಡಿ: ಕಾರ್ಡಿನ ಅವಧಿ ಮುಗಿದಿದೆಯೇ, ಆಧಾರ್ ಸೀಡಿಂಗ್ ಬದಲಾಗಿದೆಯೇ, ರೇಷನ್ ಕಾರ್ಡು ಎಪಿಎಲ್‌ಗೆ ಹೋಗಿದೆಯೇ, ಪರಿಶೀಲನೆಗೆ ಬಂದಾಗ ಮನೆಯಲ್ಲಿ ಇಲ್ಲದ್ದರಿಂದ ಹೆಸರು ಕೈಬಿಟ್ಟಿದ್ದಾರೆಯೇ. ಕೊನೆಯದಾಗಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಮರುಚಾಲನೆ ಕೇಳಬೇಕು. ನಿಂತ ತಿಂಗಳುಗಳ ಬಾಕಿಯನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ, ಬಾಯಲ್ಲಿ ಹೇಳಿದರೆ ಸಾಲದು. ಅಲ್ಲೂ ಆಗದಿದ್ದರೆ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಹಕ್ಕೇ ತಪ್ಪಿದ ಪ್ರಕರಣವಾದರೆ ಬೆಂಗಳೂರಿನ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ.

65 ತುಂಬಿದವರು ಒಂದು ಲೆಕ್ಕ ಹಾಕಿ ನೋಡಬೇಕು. ಶೇ 75ರೊಳಗಿನ ಅಂಗವಿಕಲ ವೇತನ 800, ಹಿರಿಯರಿಗಿರುವ ಸಂಧ್ಯಾ ಸುರಕ್ಷಾ ಯೋಜನೆಯ ವೇತನ 1,200. ಅರ್ಹತೆ ಇದ್ದರೆ ಬದಲಾಯಿಸಿಕೊಳ್ಳುವುದು ಲಾಭ, ತಿಂಗಳಿಗೆ 400 ಹೆಚ್ಚು. ಹೊಸದು ಮಂಜೂರಾಗುವವರೆಗೆ ಹಳೆಯದನ್ನು ರದ್ದು ಮಾಡಬೇಡಿ ಎಂದು ಅರ್ಜಿಯಲ್ಲೇ ಬರೆಯಿರಿ. ಬದಲಾದ ಮೇಲೂ ಯುಡಿಐಡಿ ಕಾರ್ಡನ್ನು ಪೆಟ್ಟಿಗೆಗೆ ಹಾಕಬೇಡಿ. ಬಸ್ ಪಾಸಿನ ನವೀಕರಣಕ್ಕೆ ಅದೇ ಬೇಕು.